ಸ್ಪೀಕರ್ ಬಂಡೆ

ಹಿಂದೆ ಒಮ್ಮೆ, ಮುಂಗಾರಿನ ಮೊದಲ ವಾರದಲ್ಲಿ, ಜಾಲಿಮರಡಿಯ ಹಳ್ಳ ದಾಟುವಾಗ ಒಬ್ಬ ಬಸುರಿ ಕೊಚ್ಚಿಹೋದಳು. ಅವಳ ತಾಯಿ ದ್ಯಾಮವ್ವ ಮಗಳನ್ನು ಮಣ್ಣು ಮಾಡಿ, ಮೂರನೆಯ ದಿನ ಬೆಂಗಳೂರಿಗೆ ಹೋಗಿ ಶಾಂತವೀರಪ್ಪನವರ ಬಾಗಿಲಲ್ಲಿ ನಿಂತಳು. ಅವರು ನಮ್ಮೂರಿನವರೇ. ಹತ್ತು ವರ್ಷ ಶಾಸಕರಾಗಿದ್ದು, ಆಗ ವಿಧಾನಸಭೆಯ ಸ್ಪೀಕರ್ ಆಗಿದ್ದರು. ಪೀಠದಲ್ಲಿ ಕೂತವನು ಬೇರೆಯವರಿಗೆ ಮಾತು ಕೊಡಬೇಕು, ತನ್ನೂರಿಗಾಗಿ ತಾನು ಕೇಳಬಾರದು ಎಂಬುದು ಅವರ ಹಟ. ಮುಂಚಿತವಾಗಿ ಸೂಚನೆ ಕೊಡದ ಪ್ರಶ್ನೆಯನ್ನು ಯಾರದ್ದಾದರೂ ತಳ್ಳಿಹಾಕುತ್ತಿದ್ದರು. "ಎಲ್ಲಾರಿಗೂ ಮಾತು ಕೊಡ್ತೀಯಂತ. ನಮ್ಮ ಹಳ್ಳಕ್ಕೊಂದು ಸೇತುವಿ ಕೇಳಾಕ ನಿನಗ ಬಾಯಿಲ್ಲೇನೋ, ಶಾಂತವೀರಾ?" ಎಂದಳು ದ್ಯಾಮವ್ವ.

ಮರುವಾರ ಅವರು ಪೀಠಕ್ಕೆ ರಾಜೀನಾಮೆ ಕೊಟ್ಟರು. ಸದಸ್ಯರ ಸಾಲಿನಲ್ಲಿ ಕೂತು ಕೈಯೆತ್ತಿದರು. ಅವಸರದಲ್ಲಿ ಸೂಚನೆ ಕೊಡುವುದನ್ನೇ ಮರೆತಿದ್ದರು. "ಸೂಚನೆ ಬಂದಿಲ್ಲ, ಹಿರಿಯರೇ. ಈ ಪಾಠ ತಾವೇ ಕಲಿಸಿದ್ದು" ಎಂದರು ಹೊಸ ಸ್ಪೀಕರ್. ಸಭೆ ನಕ್ಕಿತು. ಇವರು "ಸರಿ" ಎಂದು ಕೂತು, ಅಂದೇ ಸೂಚನೆ ಬರೆದುಕೊಟ್ಟರು. ಅದರ ಸರದಿ ಬರುವ ಮೊದಲೇ ವಿಧಾನಸಭೆ ವಿಸರ್ಜನೆಯಾಯಿತು. ಸೇತುವೆ ತಾರದವನೆಂದು ಊರೇ ಅವರನ್ನು ಚುನಾವಣೆಯಲ್ಲಿ ಸೋಲಿಸಿತು.

ಊರಿಗೆ ಮರಳಿದವರು ಹಳ್ಳದ ದಂಡೆಯ ಬಂಡೆಗೆ ಉಳಿಯಿಂದ ಒಂದು ಗೆರೆ ಹೊಡೆಸಿದರು. ಮಳೆಗಾಲವೆಲ್ಲ ಕೊಡೆ ಹಿಡಿದು ಅದರ ಮೇಲೆ ಕೂರುತ್ತಿದ್ದರು. ನೀರು ಗೆರೆಯ ಕೆಳಗಿದ್ದರೆ ಕೈಯೆತ್ತುವರು, ಜನ ದಾಟುವರು. ಕೈ ಏಳದಿದ್ದರೆ ಎಂಥ ಅವಸರದವನೂ ನಿಲ್ಲಬೇಕು. "ಸ್ಪೀಕರ್ ಸಾಹೇಬ್ರ, ಸೂಚನಾ ಕೊಟ್ಟಿಲ್ರೀ, ದಾಟಲೇನು?" ಎಂದು ಎಮ್ಮೆ ಹೊಡೆದುಕೊಂಡು ಬಂದವರು ಕೆಣಕುವರು. "ನಿನ್ನ ಎಮ್ಮಿ ಕೊಟ್ಟೈತಿ. ಅದರ ಬಾಲ ಹಿಡಕೊಂಡು ಹೋಗು" ಎನ್ನುತ್ತಿದ್ದರಂತೆ. ದ್ಯಾಮವ್ವ ದಿನಾ ರೊಟ್ಟಿ ತಂದಿಟ್ಟು ಹೋಗುತ್ತಿದ್ದಳು ಎನ್ನುತ್ತಾರೆ. ಹೀಗೆ ಹದಿನಾಲ್ಕು ಮಳೆಗಾಲ. ಹಳ್ಳ ಒಬ್ಬರನ್ನೂ ಒಯ್ಯಲಿಲ್ಲ. ಬಂಡೆಗೆ ಹೆಸರು ನಿಂತದ್ದು ಆಗ.

ಒಬ್ಬ ಮುದುಕನ ಕೈ ನೋಡಿ ಊರೆಲ್ಲ ನಿಲ್ಲುತ್ತಿದ್ದ ಕಾಲ ಅದು. ಈಗ ಯಾರೂ ನಿಲ್ಲುವುದಿಲ್ಲ. ಬಂದವರು ಗೆರೆಯನ್ನು ಮುಟ್ಟಿ ನೋಡುತ್ತಾರೆ. ಮಳೆಗಾಲದಲ್ಲಿ ಅದು ಇಂದಿಗೂ ಮುಳುಗುತ್ತದೆ. ಮೇಲೆ ಸೇತುವೆಯಿದೆ. ಅದು ಆದದ್ದು ಅವರು ತೀರಿಹೋದ ಮರುವರ್ಷ.