ನಾಲ್ಕನೆಯ ಚುಂಗು

“ಗುರುಗಳೇ, ಖಾಲಿ ಬಿಡಿ ಎಂದು ಹೇಳಿದ ಜಾಗವನ್ನು ಖಾಲಿ ಬಿಡದವರ ಕೆಲಸ ಕೆಟ್ಟರೆ ತಪ್ಪು ಯಾರದು?” ಎಂದು ತಿಪ್ಪೇಶ ಕೇಳಿದ.

ಕ್ಯಾಮೆರಾದ ಚಿತ್ರವನ್ನು ಅಪ್ಲಿಕೇಶನ್‌ಗಳಿಗೆ ಮುಟ್ಟಿಸುವ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ನ ವಿಡಿಯೊ ಇಂಟರ್‌ಫೇಸನ್ನು ನೋಡಿಕೊಳ್ಳುವವನು ಅವನು. ಆ ವಿದ್ಯೆ ಕಲಿಸಿದವರು ಗುರುಗಳು. ಅಪ್ಲಿಕೇಶನ್‌ಗಳು ತಮಗೆ ಎಂಥ ಚಿತ್ರ ಬೇಕೆಂದು ಕೇಳುವಾಗ ಅಂಕಿಗಳ ಒಂದು ಸಾಲು ಕಳಿಸುತ್ತವೆ. ಆ ಸಾಲಿನಲ್ಲಿ ಕೆಲವು ಮನೆಗಳನ್ನು, ಇಂಟರ್‌ಫೇಸ್ ಕಟ್ಟಿದವರು ಮುಂದಿನ ಕಾಲಕ್ಕೆಂದು ಮೀಸಲಿಟ್ಟಿದ್ದರು. ಅಲ್ಲಿ ಸೊನ್ನೆಯೇ ಇರಬೇಕು ಎಂದು ಹೇಳಿಯೂ ಇದ್ದರು. ಹೊಸ ಕ್ಯಾಮೆರಾಗಳು ಬಂದವು. ತಿಪ್ಪೇಶ ಒಂದು ಮನೆಗೆ ಅರ್ಥ ಕೊಟ್ಟ. ಅಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಚಿತ್ರವನ್ನು ತಿರುಗಿಸಬೇಕು. ಕೊಟ್ಟಿದ್ದೇ ತಡ, ಒಂದು ಕಣ್ಣಾಸ್ಪತ್ರೆಯ ಹಳೆಯ ಅಪ್ಲಿಕೇಶನ್‌ನಲ್ಲಿ ರೋಗಿಯ ಕಣ್ಣು ತಲೆಕೆಳಗಾಗಿ ಕಾಣತೊಡಗಿತು. ಆ ಅಪ್ಲಿಕೇಶನ್ ಮೊದಲಿನಿಂದಲೂ ಆ ಮನೆಯಲ್ಲಿ ಕಸ ತುಂಬಿ ಕಳಿಸುತ್ತಿತ್ತು, ಇಂಟರ್‌ಫೇಸ್ ಅದನ್ನು ಸುಮ್ಮನೆ ಕಡೆಗಣಿಸುತ್ತಿತ್ತು. ಅಪ್ಲಿಕೇಶನ್ ಬರೆದವರು ಈಗ ಬದುಕಿಲ್ಲ, ತಿದ್ದುವವರು ಯಾರೂ ಇಲ್ಲ. ಆಪರೇಷನ್‌ಗೆ ಬಂದವರನ್ನು ಡಾಕ್ಟರು ವಾಪಸ್ ಕಳಿಸುತ್ತಿದ್ದರು. ತನ್ನ ಕೆಲಸವನ್ನು ಹಿಂತೆಗೆಯಬೇಕೋ, ತಪ್ಪು ನಿಮ್ಮದೇ ಎಂದು ಆಸ್ಪತ್ರೆಗೆ ಹೇಳಬೇಕೋ ತಿಪ್ಪೇಶನಿಗೆ ತಿಳಿಯಲಿಲ್ಲ. ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

“ಕೂತುಕೋ. ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ,” ಎಂದರು ಗುರುಗಳು.

ಒಬ್ಬ ಬಣ್ಣಗಾರನಿದ್ದ. ಸಂತೆಯ ದಿನ ಅವನ ಮುಂದೆ ಸೀರೆಗಳ ರಾಶಿ ಬೀಳುತ್ತಿತ್ತು. ಯಾರಿಗೆ ಯಾವ ಬಣ್ಣ ಎಂದು ನೆನಪಿಡಲು ಅವನೇನು ದೇವರೇ? ಅದಕ್ಕೊಂದು ಕಟ್ಟಳೆ ಮಾಡಿದ. ಸೀರೆಗೆ ನಾಲ್ಕು ಚುಂಗು, ಮೂಲೆಗೊಂದು. ಒಂದರ ಗಂಟು ಬಣ್ಣ ಹೇಳಬೇಕು, ಇನ್ನೊಂದರದು ತೆಳುವೋ ದಟ್ಟವೋ ಹೇಳಬೇಕು, ಮತ್ತೊಂದರದು ಯಾರ ಮನೆಯದೆಂದು ಹೇಳಬೇಕು. ನಾಲ್ಕನೆಯದನ್ನು ಖಾಲಿ ಬಿಡಿ, ಮುಂದೆ ಬೇಕಾದೀತು ಎಂದ.

ಜನ ಕೇಳುತ್ತಾರೆಯೇ? ಯಾರೋ ಎರಡು ಸೀರೆಗಳನ್ನು ಸೇರಿಸಿ ಅಲ್ಲೇ ಗಂಟು ಹಾಕಿದರು. ಯಾರದೋ ಮಗು ಆಟಕ್ಕೆ ಗಂಟು ಹಾಕಿತು. ಒಬ್ಬ ತಾಯಿ, ಬಟ್ಟೆ ಹೊಸಿಲು ದಾಟುವ ಮೊದಲು ಮನೆದೇವರ ಹೆಸರಿನಲ್ಲಿ ಅಲ್ಲೊಂದು ಗಂಟು ಹಾಕುತ್ತಿದ್ದಳು. ಬಣ್ಣಗಾರ ಎಲ್ಲವನ್ನೂ ಬಿಚ್ಚುತ್ತಿದ್ದ, ಬಣ್ಣಕ್ಕೆ ಅದ್ದುತ್ತಿದ್ದ, ಒಣಗಿಸಿ ಕೊಡುತ್ತಿದ್ದ. ಯಾರಿಗೂ ಏನೂ ತೊಂದರೆಯಾಗಲಿಲ್ಲ.

ವರ್ಷಗಳು ಕಳೆದವು. ಬಣ್ಣಗಾರ ಸೀರೆಗೆ ಕಪ್ಪು ಅಂಚು ಹಾಕುವುದನ್ನು ಕಲಿತ. ಪೇಟೆಯ ಹೆಂಗಸರು ಮುಗಿಬಿದ್ದರು. ಅಂಚು ಬೇಕಾದವರು ನಾಲ್ಕನೆಯ ಚುಂಗಿಗೆ ಗಂಟು ಹಾಕಿ ತನ್ನಿ ಎಂದು ಅವನು ಸಂತೆಯಲ್ಲಿ ಸಾರಿದ. ಆ ತಾಯಿ ಅಂದು ಸಂತೆಗೆ ಬಂದಿರಲಿಲ್ಲ.

ಮುಂದಿನ ಸಂತೆಗೆ ಆಕೆ ಮಗಳ ಧಾರೆ ಸೀರೆ ತಂದಳು. ಹಳದಿ ಬೇಕಿತ್ತು. ಹಳದಿಯೇನೋ ಬಂತು, ಅದರ ಸುತ್ತ ಗೇಣಗಲದ ಕಪ್ಪೂ ಬಂತು. ಧಾರೆಗೆ ಕಪ್ಪು! ಬೀಗರು ಕಂಡರೆ ಮದುವೆಯೇ ನಿಲ್ಲುತ್ತಿತ್ತು. ಇನ್ನೊಂದು ಸೀರೆ ತರುವ ಶಕ್ತಿ ಆಕೆಗಿರಲಿಲ್ಲ. ಸೀರೆಯನ್ನು ಬಣ್ಣಗಾರನ ಮುಂದೆ ಹರಡಿದಳು.

“ಅಯ್ಯೋ, ಏನಪ್ಪಾ ಮಾಡಿಬಿಟ್ಟೆ! ಯಾವಾಗಲೂ ತರುವ ಹಾಗೇ ತಂದೆನಲ್ಲ!”

“ನೀನೇ ಗಂಟು ಹಾಕಿದ್ದೀಯಲ್ಲ ತಾಯಿ! ಗಂಟು ಇದ್ದರೆ ಅಂಚು.”

“ಅದು ದೇವರ ಗಂಟು ಕಣಪ್ಪ!”

ಬಣ್ಣಗಾರನಿಗೆ ದಿಕ್ಕೇ ತೋಚಲಿಲ್ಲ. ಗಂಟನ್ನು ಕಣ್ಣಾರೆ ಕಂಡಿದ್ದ. ಹಾಕಿದವಳು ಅಂಚು ಕೇಳಿರಲಿಲ್ಲ. ಇತ್ತ ಹೊಸಬರು ಹೊಗಳುತ್ತಿದ್ದರು, ಅತ್ತ ಹಳಬಳು ಅಳುತ್ತಿದ್ದಳು. ಕಪ್ಪು ತೊಳೆದರೆ ಹೋಗುವುದಲ್ಲ, ಕತ್ತರಿಸಿದರೆ ಸೀರೆ ಮೊಣಕಾಲಿಗೆ ಬರುತ್ತದೆ. ಕೊನೆಗೆ ಒಳಗೆ ಹೋಗಿ ಹೆಂಡತಿ ಇನ್ನೂ ಉಡದ ಸೀರೆಯನ್ನು ತಂದು ಆಕೆಯ ಕೈಗಿಟ್ಟ. ಹೆಂಡತಿ ಬಾಯಿಗೆ ಬಂದಂತೆ ಬೈದಳು. ಬೈಯದೆ ಬಿಡುತ್ತಾಳೆಯೇ? ಅಂದಿನಿಂದ ಅವನು ನಾಲ್ಕನೆಯ ಚುಂಗಿನ ಗಂಟಿಗೆ ಯಾವ ಅರ್ಥವನ್ನೂ ಕೊಡಲಿಲ್ಲ. ಅಂಚು ಬೇಕಾದವರು ಸೀರೆಯ ಜೊತೆ ಕಪ್ಪು ದಾರವೊಂದನ್ನು ಬೇರೆಯಾಗಿ ಕೈಗೆ ಕೊಡಬೇಕಾಯಿತು. ಮಗಳ ಮದುವೆ ನಡೆಯಿತು. ಆ ತಾಯಿ ಮಾತ್ರ ಮತ್ತೆ ಅವನ ಬಾಗಿಲಿಗೆ ಬಟ್ಟೆ ತರಲಿಲ್ಲ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ತಿಪ್ಪೇಶನ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಿತು. ದಾರದ ದಾರಿ ಅವನಿಗೆ ಅರ್ಥವಾಗಿತ್ತು, ಹೊಸದನ್ನು ಕೇಳಲು ಬೇರೆಯೇ ಗುರುತು ಇಡಬೇಕು. ಆದರೆ ಸೀರೆ ಕೊಟ್ಟವನು ಬಣ್ಣಗಾರ, ಬೈಸಿಕೊಂಡವನೂ ಬಣ್ಣಗಾರ. ಅದೇಕೋ ತಿಪ್ಪೇಶನಿಗೆ ಸಹಿಸಲಾಗಲಿಲ್ಲ.

“ಆದರೂ ಗುರುಗಳೇ, ಮಾತು ಮೀರಿದವಳು ಆಕೆಯಲ್ಲವೇ? ಖಾಲಿ ಬಿಡಿ ಎಂದು ಬಣ್ಣಗಾರ ಮೊದಲೇ ಹೇಳಿದ್ದನಲ್ಲ!”

“ಹೇಳಿದ್ದ, ನಿಜ, ಆಮೇಲೆ ಅಷ್ಟು ವರ್ಷ ಆ ಗಂಟನ್ನು ಬಾಯಿ ಬಿಡದೆ ಬಿಚ್ಚುತ್ತಾ ಕೂತವನು ಯಾರಪ್ಪ?”

ಆ ಮನೆಗೆ ತಾನು ಕೊಟ್ಟ ಅರ್ಥವನ್ನು ಹಿಂತೆಗೆಯಲು ತಿಪ್ಪೇಶ ಎದ್ದ.