ತಟ್ಟೆಗೆ ಅಡ್ಡ ಹಿಡಿದ ಕೈ

"ಗುರುಗಳೇ, ಉಂಡ ಅನ್ನವೇ ಮನುಷ್ಯನಿಗೆ ಶತ್ರುವಾಗುತ್ತದೆಯೇ?" ಎಂದು ಶಿಷ್ಯ ಬಸಲಿಂಗ ಕೇಳಿದ. ಊರಿಗೆ ಹೊರಟವನು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮಠದ ಕಟ್ಟೆಯ ಮೇಲೆ ಕೂತಿದ್ದ. "ಅಪ್ಪನಿಗೆ ಬೊಜ್ಜು ಬಂದಿದೆ. ಉಂಡದ್ದು ಇಳಿಯುವುದಿಲ್ಲ, ಎದೆ ಉರಿ ಬಿಡುವುದಿಲ್ಲ. ಅಪ್ಪ ಉಳಿಯುತ್ತಾನೋ ಇಲ್ಲವೋ ಎಂದು ನನಗೆ ಭಯ."

"ಅನ್ನದ ಮೇಲೆ ತಪ್ಪು ಹೊರಿಸಬೇಡ ತಮ್ಮಾ. ಕೇಳು," ಎಂದರು ಗುರುಗಳು.

ಒಬ್ಬ ವ್ಯಾಪಾರಿ ಇದ್ದ. ಅವನ ಹೆಂಡತಿ ಬಡಿಸುವುದರಲ್ಲಿ ಎತ್ತಿದ ಕೈ. ಉಣ್ಣುವವರು ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಅದು ಬರೀ ಸಂಕೋಚ ಎಂದುಕೊಂಡು ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಿದ್ದಳು. ಊರೆಲ್ಲ ಹೊಗಳಿತು. ಬಂದವರು ಒಂದು ಹೊತ್ತು ಉಂಡು ಹೋದರು. ಗಂಡ ದಿನಾ ಉಂಡ.

ಅವನ ಮೈ ಬೆಳೆಯಿತು. ಬೊಜ್ಜು ಜಠರವನ್ನು ಒತ್ತಿತು. ಉಂಡದ್ದು ಕೆಳಗಿಳಿಯದೆ ಹುಳಿಯಾಗಿ ಗಂಟಲಿಗೆ ಬಂತು. ಮಲಗಿದರೆ ಎದೆ ಉರಿ, ಎದ್ದರೆ ಹುಳಿತೇಗು. ಕೊನೆಗೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದ. ಹೆಂಡತಿಯ ಜೀವ ಬಾಯಿಗೆ ಬಂತು. ಹಸಿವಿಗೇ ಹೀಗೆ ಉರಿಯುತ್ತಿದೆ ಎಂದು ತಿಳಿದು ಮತ್ತಷ್ಟು ಹುಗ್ಗಿ ಬಡಿಸಿದಳು. ಉಂಡಾಗ ತುಸು ತಣ್ಣಗಾಗುತ್ತಿತ್ತು, ಆಮೇಲೆ ಇಮ್ಮಡಿ ಉರಿಯುತ್ತಿತ್ತು. ಪಾಪ, ಪ್ರೀತಿಗೇನೂ ಕೊರತೆ ಇರಲಿಲ್ಲ. ಬುದ್ಧಿ ಮಾತ್ರ ಸೌಟಿನಲ್ಲೇ ಉಳಿದಿತ್ತು.

ಕಡೆಗೆ ವೈದ್ಯನನ್ನು ಕರೆಸಿದಳು. ಬಂದವನನ್ನು ಮೊದಲು ಊಟಕ್ಕೆ ಕೂರಿಸಿದಳು. ಸಾಕೆನಿಸಿದಾಗ ವೈದ್ಯ ಕೈ ಅಡ್ಡ ಹಿಡಿದ. ಆಕೆ ಕೈಮೇಲೇ ಬಿಸಿ ಹುಗ್ಗಿ ಹಾಕಿದಳು.

"ತಾಯಿ, ನನ್ನ ಕೈ ಕಾಣಿಸಲಿಲ್ಲವೇ?"

"ಕಂಡಿತು. ಸಂಕೋಚ ಎಂದುಕೊಂಡೆ."

"ನಿಮ್ಮ ಯಜಮಾನರ ಹೊಟ್ಟೆಯೂ ಬಹಳ ದಿನದಿಂದ ಕೈ ಅಡ್ಡ ಹಿಡಿದಿದೆ. ಆ ತೇಗು, ಆ ಉರಿ, ಅದೇ ಕೈ. ನೀವು ಅದರ ಮೇಲೂ ಸುರಿಯುತ್ತಿದ್ದೀರಿ."

ಆಕೆ ವೈದ್ಯನ ಕೆಂಪಾದ ಕೈಯನ್ನು ನೋಡಿದಳು. ಸೌಟು ಕೆಳಗಿಟ್ಟು ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗನಿಗೆ ಉಸಿರು ಬಂದಂತಾಯಿತು. "ತಿಳಿಯಿತು ಗುರುಗಳೇ. ನಮ್ಮವ್ವನೂ ಹೀಗೆಯೇ ಬಡಿಸುತ್ತಾಳೆ. ಹೋದ ತಕ್ಷಣ ಅವಳಿಗೆ ಹೇಳುತ್ತೇನೆ," ಎಂದು ಗಂಟು ಎತ್ತಿಕೊಂಡ. ಗಂಟಿನಿಂದ ತುಪ್ಪದ, ಹುರಿದ ಶೇಂಗಾದ ವಾಸನೆ ಬಂತು.

ಗುರುಗಳು ಕೇಳಿದರು: "ಅವ್ವನಿಗೆ ಆಮೇಲೆ ಹೇಳುವೆಯಂತೆ, ಆ ಶೇಂಗಾ ಹೋಳಿಗೆ ಯಾರಿಗೆ ಒಯ್ಯುತ್ತಿದ್ದೀಯ?"