ಅಳಿವೆಯ ಚಿಪ್ಪುಗಳು

“ಗುರುಗಳೇ, ಜೀವಿಗಳ ರೂಪ ಬದಲಾಗುತ್ತ ಬಂದಿದೆ ಎನ್ನುತ್ತೀರಿ. ಆದರೆ ನಾನು ಕಾಣುವ ಕಾಗೆ ನನ್ನ ಅಜ್ಜ ಕಂಡ ಕಾಗೆಯೇ. ಎರಡರಲ್ಲಿ ಯಾವುದನ್ನು ನಂಬಲಿ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ನದಿಯೊಂದು ಕಡಲು ಸೇರುವ ಅಳಿವೆಯಲ್ಲಿ ಒಬ್ಬ ಸುಣ್ಣಗಾರನಿದ್ದ. ಕೆಸರಿನಲ್ಲಿ ಸಿಗುವ ಚಿಪ್ಪುಗಳನ್ನು ಆಯ್ದು, ತಂದೆ ಕಟ್ಟಿದ ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದ. ಒಂದು ವರ್ಷ ಚಿಪ್ಪುಗಳು ತೆಳ್ಳಗೆ ಬಂದವು. ಮರುವರ್ಷ ಇನ್ನೂ ತೆಳ್ಳಗಾದವು. ಆಮೇಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಾದವು. ಅವನ ಸುಣ್ಣವನ್ನು ಕೇಳುವವರೇ ಇಲ್ಲವಾದರು. ಹೆಂಡತಿ ತುಂಬು ಬಸುರಿ. ಹುಟ್ಟುವ ಮಗುವಿನ ಕಾಲಕ್ಕೆ ಚಿಪ್ಪೆಂಬುದೇ ಉಳಿಯಲಿಕ್ಕಿಲ್ಲ ಎಂಬ ಚಿಂತೆ ಅವನನ್ನು ಹಿಡಿಯಿತು.

“ಈ ಚಿಪ್ಪಿನ ಕುಲ ಬೇರೇನೋ ಆಗುತ್ತಿದೆ. ಊರು ಬಿಡೋಣ,” ಎಂದ.

“ಬಿಡೋಣ. ದಡದ ಮಣ್ಣಿನಡಿ ಹಳೆಯ ಚಿಪ್ಪಿದೆಯಲ್ಲ, ಅದನ್ನು ಅಗೆದು ಕೊನೆಗೊಂದು ಗೂಡು ಸುಣ್ಣ ಸುಟ್ಟು ಹೊರಡೋಣ,” ಎಂದಳು ಹೆಂಡತಿ.

ಕಡಲ ನೀರು ಹಿಂದೆ ಸರಿದ ಇಳಿತದ ಹೊತ್ತಿಗೆ ಅವನು ಅಗೆಯತೊಡಗಿದ. ಮೊದಲು ದಪ್ಪ ಚಿಪ್ಪು ಸಿಕ್ಕಿತು. ಅದರ ಕೆಳಗೆ ತೆಳುವಾದದ್ದು. ಮತ್ತೆ ದಪ್ಪ, ಮತ್ತೆ ತೆಳು, ಮಲಗಿದವರ ಎದೆ ಏರಿ ಇಳಿಯುವ ಹಾಗೆ. ಅಗೆದಷ್ಟೂ ಅದೇ ಚಿಪ್ಪು. ತೆಳುವಾದದ್ದು ಮತ್ತೆ ದಪ್ಪಗಾಗುತ್ತದೆಂದು ಅವನ ಮನಸ್ಸು ಹಗುರಾಯಿತು. ಗುಂಡಿ ಆಳೆತ್ತರವಾಗಿ, ಕಡಲಿನ ಸದ್ದೂ ಕೇಳಿಸದಾಯಿತು. ನಿದ್ದೆಯಲ್ಲಿರುವವನಂತೆ ಅವನು ಅಗೆಯುತ್ತಲೇ ಹೋದ.

ಆಗ ಬೇರೊಂದು ಚಿಪ್ಪು ಬಂತು. ದೋಣಿಯಂತೆ ಉದ್ದ, ಮೈಮೇಲೆ ಗೆರೆಗಳಿಲ್ಲ. ಅಂಥದ್ದನ್ನು ಅವನು ಕಂಡೇ ಇರಲಿಲ್ಲ. ಆದರೆ ಎರಡು ಹೋಳು ಕೂಡುವ ಕಡೆ ತನ್ನ ಚಿಪ್ಪಿನಲ್ಲಿರುವಂಥದೇ ಪುಟ್ಟ ಹಲ್ಲು. ಕೆಳಗೆಲ್ಲ ಅವೇ, ಮೇಲೆಲ್ಲ ಇವೇ. ನಡುವೆ ಬೆರಳಗಲದ ಒಂದು ಪದರ, ಅದರಲ್ಲಿ ಅದೂ ಅಲ್ಲದ ಇದೂ ಅಲ್ಲದ ಚೂರುಗಳು. ಆ ಪದರದ ಮೇಲೆ ಬೆರಳಿಟ್ಟು, ಭರತದ ನೀರು ಮೊಣಕಾಲಿಗೆ ಬರುವವರೆಗೂ ಅವನು ಹಾಗೆಯೇ ನಿಂತಿದ್ದ.

ಅವರು ಊರು ಬಿಡಲಿಲ್ಲ. ಮಗಳು ಹುಟ್ಟಿದಳು. ಅವಳು ಓಡಾಡುವ ಹೊತ್ತಿಗೆ ಚಿಪ್ಪುಗಳು ಮತ್ತೆ ದಪ್ಪಗಾದವು. ಆದರೂ ಬದುಕಿರುವವರೆಗೆ ಸುಣ್ಣಗಾರ, ಗೂಡಿಗೆ ಹಾಕುವ ಮುನ್ನ ಒಂದು ಚಿಪ್ಪನ್ನಾದರೂ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡುತ್ತಿದ್ದ.

ಗುರು ಕತೆ ಮುಗಿಸಿದರು. ಶಿಷ್ಯ ಕೇಳಿದ: “ಹಾಗಾದರೆ ಆ ಬೆರಳಗಲದಲ್ಲಿ ಎಲ್ಲವೂ ಇದ್ದಕ್ಕಿದ್ದಂತೆ ಬದಲಾಯಿತೇ?”

“ಆ ಬೆರಳಗಲದೊಳಗೆ ನೂರು ತಲೆಮಾರಿನ ಸುಣ್ಣಗಾರರು ಹುಟ್ಟಿ ಸತ್ತಿದ್ದರೂ, ಏನೋ ಬದಲಾಗುತ್ತಿದೆಯೆಂದು ಅವರಲ್ಲಿ ಒಬ್ಬನಿಗೂ ತಿಳಿಯುತ್ತಿರಲಿಲ್ಲ,” ಎಂದರು ಗುರು.